ಒಂದು ರೂಪಾಯಿ ನೋಟಿನ ರಿಗ್‌ಗೆ ಎರಡನೇ ನೌಕರಿ

ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ ಸಮುದ್ರದೊಳಗೆ ಕಾಲೂರಿ ನಿಂತಿರುವುದು ‘ಸಾಗರ್ ಸಮ್ರಾಟ್’. 1973ರಲ್ಲಿ ಜಪಾನಿನಲ್ಲಿ ಕಟ್ಟಿಸಿದ, 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರವನ್ನು ಕೊರೆದು ತೋರಿಸಿದ ರಿಗ್, ಅಂದರೆ ತೈಲಬಾವಿ ಕೊರೆಯುವ ವೇದಿಕೆ. ಇಂಥ ಮುದಿ ರಿಗ್ಗನ್ನು ಗುಜರಿಗೆ ಹಾಕುವ ಬದಲು ಓಎನ್‌ಜಿಸಿ ಅದರ ವೃತ್ತಿಯನ್ನೇ ಬದಲಿಸಿತು. 2022ರ ಡಿಸೆಂಬರ್‌ನಲ್ಲಿ ಅದು ಮುಂಬಯಿಯಿಂದ ಸುಮಾರು 140 ಕಿ.ಮೀ. ಪಶ್ಚಿಮಕ್ಕೆ, ದಿನಕ್ಕೆ 20,000 ಬ್ಯಾರೆಲ್ ತೈಲ ನಿಭಾಯಿಸಬಲ್ಲ ಉತ್ಪಾದನಾ ಘಟಕವಾಗಿ ಮತ್ತೆ ಕೆಲಸಕ್ಕಿಳಿಯಿತು.

ಎಳೆದು ತಂದು ನಿಲ್ಲಿಸಿದರಾಯಿತಲ್ಲ ಎನಿಸಬಹುದು. ಸಮುದ್ರತಳಕ್ಕೆ ಕಾಲಿಳಿಸಿ, ತೇಲುವ ಒಡಲನ್ನು ನೀರಿನಿಂದ ಮೇಲೆತ್ತಿ ನಿಲ್ಲುವ ಇಂಥ ‘ಜ್ಯಾಕ್‌ಅಪ್’ ರಿಗ್‌ಗೆ ಎಳೆಸಿಕೊಳ್ಳುವುದು ಹೊಸದೇನಲ್ಲ. ಕಷ್ಟವಿರುವುದು ಒಂದೇ ಕಡೆ ನಿಲ್ಲುವುದರಲ್ಲಿ. ಕೊರೆಯುವ ರಿಗ್ ಅಲೆಮಾರಿ. ಕೆಲವು ವಾರವೋ ತಿಂಗಳೋ ಇದ್ದು ಕಾಲು ಕೀಳುತ್ತದೆ, ಆಗಾಗ ದುರಸ್ತಿಗೆ ದಡಕ್ಕೂ ಬರುತ್ತದೆ. ಉತ್ಪಾದನಾ ಘಟಕ ವರ್ಷಗಟ್ಟಲೆ ಕದಲುವಂತಿಲ್ಲ. ಆರು ಸೆಕೆಂಡಿಗೊಂದು ಅಲೆ ಎಂದರೂ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಸಲ ಕಾಲುಗಳು ಬಾಗಿ ನೆಟ್ಟಗಾಗುತ್ತವೆ. ಬಾಗುವಿಕೆ ಅತಿ ಹೆಚ್ಚಿರುವುದು ಕಾಲು ಒಡಲನ್ನು ಹಾದುಹೋಗುವಲ್ಲಿ. ಆಳ ಬದಲಾದಂತೆಲ್ಲ ಕಾಲಿನ ಬೇರೆ ಬೇರೆ ಭಾಗ ಆ ಜಾಗಕ್ಕೆ ಬರುವುದರಿಂದ ಅಲೆಮಾರಿಗೆ ದಣಿವು (ಮತ್ತೆ ಮತ್ತೆ ಬಾಗಿ ಉಕ್ಕು ಸೋಲುವುದು) ಹಂಚಿಹೋಗುತ್ತದೆ. ನೆಲೆನಿಂತದ್ದಕ್ಕೆ ಆ ಭಾಗ್ಯವಿಲ್ಲ. ಅಲ್ಲಿನ ಉಕ್ಕು ಹಿಂದೆ ಎಷ್ಟು ದಣಿದಿತ್ತು ಎಂಬುದೇ ಮೊದಲ ಪ್ರಶ್ನೆ. ಬೆಸುಗೆಯ ಕೀಲುಗಳಲ್ಲಿ ಒತ್ತಡ ಶೇ. 10 ಏರಿದರೆ ದಣಿವು ಸುಮಾರು ಶೇ. 33 ಏರುತ್ತದೆ.

ಆದ್ದರಿಂದ ಬಣ್ಣ, ತುಕ್ಕು, ಚಿಪ್ಪು ಕೆರೆದು ಕೀಲನ್ನು ಹೊಳೆಯುವಷ್ಟು ತಿಕ್ಕುತ್ತಾರೆ. ಅಯಸ್ಕಾಂತ ಹಿಡಿದು, ಕಬ್ಬಿಣದ ನುಣ್ಣನೆ ಪುಡಿ ಬೆರೆಸಿದ ಶಾಯಿ ಚಿಮುಕಿಸಿದರೆ ಕಣ್ಣಿಗೆ ಕಾಣದ ಬಿರುಕು ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ಮೂಡುತ್ತದೆ. ನೀರು ಎರಚಾಡುವ ಪಟ್ಟಿಯಲ್ಲಿ ಅಲ್ಟ್ರಾಸೌಂಡ್‌ನಿಂದ ತಗಡಿನ ದಪ್ಪ ಅಳೆಯುತ್ತಾರೆ. ತುಕ್ಕು ಹೆಚ್ಚು ತಿನ್ನುವುದು ಅಲ್ಲೇ.

ಆಮೇಲೆ ತೂಕದ ತಕರಾರು. ಕೊರೆಯುವ ಗೋಪುರ ಇಳಿಯುತ್ತದೆ, ತೈಲ–ಅನಿಲ–ನೀರು ಬೇರ್ಪಡಿಸುವ ಪಾತ್ರೆಗಳೂ ಕಂಪ್ರೆಸರ್‌ಗಳೂ ಏರುತ್ತವೆ. ದಶಕಗಳಿಂದ ಸೇರಿಸಿದ ಕೊಳವೆ, ಕೇಬಲ್‌ಗಳೆಲ್ಲ ಹಳೆಯ ನಕ್ಷೆಯಲ್ಲಿ ಇರುವುದೇ ಇಲ್ಲ. ನಕ್ಷೆ ನಂಬಿ ಲೆಕ್ಕ ಹಾಕಿದವರು ಕೆಟ್ಟರು, ತೂಗಿಯೇ ನೋಡಬೇಕು. ಹಳೆಯದಕ್ಕೆ ಹೊಸ ಕೆಲಸ ಕೊಡುವುದು ಸುಲಭವಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ: ಬ್ರಿಟನ್ ಬಳಿಯ ಉತ್ತರ ಸಮುದ್ರದಲ್ಲಿ 1984ರಿಂದ ದುಡಿದ ಹಟನ್ ತೈಲ ವೇದಿಕೆಯ ಮೇಲ್ಭಾಗವನ್ನು ರಷ್ಯಾ ತನ್ನ ಪ್ರಿರಜ್ಲೋಮ್ನಾಯಾ ತೈಲ ಯೋಜನೆಗೆ ಒಯ್ದಿತು. ಕೊನೆಗೆ ಬಳಕೆಗೆ ಬಂದದ್ದು ಅದರ ಒಂದು ಭಾಗ ಮಾತ್ರ, ತೈಲ ಹರಿದದ್ದು 2013ರ ಡಿಸೆಂಬರ್‌ನಲ್ಲಿ.

ಸಾಗಣೆಯಲ್ಲಿ ಕಾಲುಗಳು ಮೇಲೆತ್ತಿರುವುದರಿಂದ ಗುರುತ್ವಕೇಂದ್ರವೂ ಮೇಲೇರುತ್ತದೆ. ಅರಬ್ಬೀ ಸಮುದ್ರದ ಮುಂಗಾರಿನಲ್ಲಿ ಅಂಥ ಸಾಹಸ ಬೇಡ. ಜಾಗ ಸೇರಿದ ಮೇಲೆ ಕಾಲಿಳಿಸಿ, ಒಡಲನ್ನು ನೀರಿನಿಂದ ತುಸುವೇ ಮೇಲೆತ್ತಿ, ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿ ಕೆಲವು ಗಂಟೆ ಕಾಯುತ್ತಾರೆ. ಬಿರುಗಾಳಿಯಲ್ಲಿ ಬರಬಹುದಾದ ಭಾರವನ್ನು ಮೊದಲೇ ಹೇರಿ ನೆಲವನ್ನು ಪರೀಕ್ಷಿಸುವ ಕ್ರಮವಿದು. ಗಟ್ಟಿ ಮರಳಿನ ತೆಳು ಪದರದಡಿ ಮೆತ್ತನೆ ಜೇಡಿಯಿದ್ದರೆ ಒಂದು ಕಾಲು ದಿಢೀರನೆ ಮೀಟರುಗಟ್ಟಲೆ ಕುಸಿಯಬಹುದು. ಒಡಲು ನೀರಿಗೆ ಹತ್ತಿರವಿದ್ದರೆ ತೇಲುಬಲ ಅದನ್ನು ಹಿಡಿಯುತ್ತದೆ. ಎತ್ತರದಲ್ಲಿದ್ದರೆ ಉಳಿದ ಕಾಲುಗಳು ಬಾಗುತ್ತವೆ.

ಇನ್ನೊಂದು ಕಾಟ, ಅಲ್ಲಿ ಹಿಂದೆ ನಿಂತಿದ್ದ ರಿಗ್‌ಗಳ ಪಾದದ ಗುಳಿಗಳು. ಹೊಸ ಕಾಲು ಗುಳಿಯ ಅಂಚಿಗೆ ಬಿದ್ದರೆ ಒಳಕ್ಕೆ ಜಾರುತ್ತದೆ. ಗುಳಿಗೆ ಜಲ್ಲಿ ತುಂಬಬಹುದು ಅಥವಾ ರಿಗ್ಗನ್ನು ಕೆಲವು ಮೀಟರ್ ಸರಿಸಬಹುದು. ಬಾವಿಯ ತಲೆ ಮಾತ್ರ ಇದ್ದಲ್ಲೇ ಇರುವುದರಿಂದ ಸರಿಯಲು ಜಾಗ ಅಷ್ಟಕ್ಕಷ್ಟೇ.