ಫೀಡರ್ ಅಂದರೆ ಊಟವಲ್ಲ

ಫೀಡರ್ ಅಂದರೆ ನಮ್ಮೂರಲ್ಲಿ ಕರೆಂಟ್ ಲೈನು. ಲ್ಯಾಬಿಗೆ ಬರುವ ಹೊಸ ವಿದ್ಯಾರ್ಥಿಗಳಿಗೆ ಅದು ಕಾಂಡಕೋಶಗಳ, ಅಂದರೆ ಒಡೆದು ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳ, ಊಟ. ಎಷ್ಟು ಸಲ ಹೇಳಿದರೂ ಇದು ತಲೆಯಿಂದ ಹೋಗುವುದಿಲ್ಲ. ಊಟಕ್ಕೆ ಮೀಡಿಯಂ ಅನ್ನುವ ಪೋಷಕ ದ್ರವ ಇದೆಯಲ್ಲ! ತಟ್ಟೆಯಲ್ಲಿ ಕಾಂಡಕೋಶಗಳ ಜೊತೆ ಇಡುವ ಫೀಡರ್ ಕೋಶಗಳದ್ದು ಬಾಣಂತನ ಮಾಡುವ ಅಜ್ಜಿಯ ಕೆಲಸ. ಅಜ್ಜಿ ಇನ್ನು ಹೆರುವುದಿಲ್ಲ. ಆದರೆ ಗಟ್ಟಿಮುಟ್ಟಾಗಿ ಬದುಕಿರಬೇಕು.

1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಮನುಷ್ಯರ ಚರ್ಮದ ಕೋಶಗಳನ್ನು 3ಟಿ3 ಎಂಬ ಇಲಿ ಕೋಶಗಳನ್ನು ಫೀಡರ್ ಮಾಡಿಕೊಂಡು ಬೆಳೆಸಿದರು. 1997ರಲ್ಲಿ ಇಟಲಿಯವರು ಇದೇ ದಾರಿಯಲ್ಲಿ ಕಣ್ಣಿನ ಕಪ್ಪು-ಬಿಳಿ ಸೇರುವ ಅಂಚಿನ ಕಾಂಡಕೋಶಗಳನ್ನು ಬೆಳೆಸಿ, ಇಬ್ಬರು ರೋಗಿಗಳಿಗೆ ಕಸಿ ಮಾಡಿದರು. ಸುಣ್ಣ ಸಿಡಿದರೆ ಸುಟ್ಟುಹೋಗುವುದು ಈ ಅಂಚೇ. ಎಲೆ-ಅಡಿಕೆಗೆ ತಂದ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ದಯವಿಟ್ಟು.

ಇಲಿ ಕೋಶಗಳನ್ನು ಹಾಗೇ ಬಿಟ್ಟರೆ ತಟ್ಟೆ ತುಂಬಾ ಅವೇ ಹಬ್ಬುತ್ತವೆ. ಅದಕ್ಕೇ ಮೈಟೊಮೈಸಿನ್ ಅನ್ನುವ ಔಷಧಿ ಹಾಕುತ್ತೇವೆ, ಇಲ್ಲವೇ ವಿಕಿರಣ ಕೊಡುತ್ತೇವೆ. ಡಿಎನ್‌ಎ ನಕಲಾಗುವುದು ನಿಲ್ಲುತ್ತದೆ, ಕೋಶ ಒಡೆದು ಎರಡಾಗುವುದಿಲ್ಲ. ಆದರೂ ಕೆಲವು ದಿನ ಬದುಕಿರುತ್ತದೆ. ಬೆಳವಣಿಗೆಯ ಅಂಶಗಳನ್ನು ಸ್ರವಿಸುತ್ತದೆ, ಪಕ್ಕದವರಿಗೆ ಅಂಟಿಕೊಳ್ಳಲು ಹಾಸಿಗೆ ಹಾಸುತ್ತದೆ. ಕಾಂಡಕೋಶ ಕಾಂಡಕೋಶವಾಗಿಯೇ ಉಳಿಯುವುದಕ್ಕೆ ಬೇಕಾದದ್ದು ಇದು.

ಒಮ್ಮೆ ಒಬ್ಬ ಹುಡುಗಿ ಮೈಟೊಮೈಸಿನ್ ಹಾಕಿ, ಸಮಯಕ್ಕೆ ತೊಳೆಯದೆ ಮನೆಗೆ ಹೋಗಿಬಿಟ್ಟಳು. ಬೆಳಿಗ್ಗೆ ನೋಡಿದರೆ ಅರ್ಧ ಕೋಶಗಳು ತೇಲುತ್ತಿದ್ದವು. "ಹೇಗಿದ್ದರೂ ಅವು ಬೆಳೆಯಬಾರದು ತಾನೇ ಮೇಡಂ?" ಅಂದಳು. ಸತ್ತ ಅಜ್ಜಿ ಬಾಣಂತನ ಮಾಡ್ತಾಳಾ ಅಂತ ಕೇಳಿದೆ. ಪಾಪ, ಅತ್ತೇ ಬಿಟ್ಟಳು. ಅಷ್ಟು ಜೋರು ಮಾಡಬಾರದಿತ್ತು.

ರೋಗಿಯ ಮನೆಯವರ ಭಯ ಬೇರೆ: ಇಲಿ ಕೋಶ ಕಣ್ಣಲ್ಲೇ ಉಳಿಯುತ್ತಾ? ಅವು ಬೆಳೆಯುವುದಿಲ್ಲ ಅನ್ನಬಹುದು. ಒಂದೂ ಉಳಿದಿಲ್ಲ ಅಂತ ನಾನು ಬರೆದುಕೊಡಲಾರೆ. ಸುಟ್ಟ ಗಾಯಕ್ಕೆ ಹೀಗೆ ಬೆಳೆಸಿದ ಚರ್ಮವನ್ನು ಅಮೆರಿಕದಲ್ಲಿ ಬೇರೆ ಪ್ರಾಣಿಯ ಅಂಗಾಂಶದ ಕಸಿ ಅಂತಲೇ ಲೆಕ್ಕ ಹಾಕುತ್ತಾರೆ, ಅದನ್ನು ಹಾಕಿಸಿಕೊಂಡವರಿಗೆ ರಕ್ತದಾನ ಬೇಡ ಅನ್ನುತ್ತಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ಇಲಿ ಕೋಶವಿಲ್ಲದೆ, ಹೆರಿಗೆಯ ನಂತರ ಸಿಗುವ ಆಮ್ನಿಯಾಟಿಕ್ ಪೊರೆಯ (ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆ) ಮೇಲೆ ಕಣ್ಣಿನ ಈ ಕಾಂಡಕೋಶಗಳನ್ನು ಬೆಳೆಸಿದ್ದಾರೆ. ಅಲ್ಲೂ ಹಾಸಿಗೆ ಬೇಕೇ ಬೇಕಾಯಿತು, ನೋಡಿ.

ಆ ಹುಡುಗಿ ಈಗ ಮೈಟೊಮೈಸಿನ್ ಹಾಕಿದ ಕೂಡಲೇ ಮೊಬೈಲಿನಲ್ಲಿ 2 ಗಂಟೆ ಕಳೆದ ಮೇಲೆ ಹೊಡೆಯುವ ಹಾಗೆ ಅಲಾರಂ ಇಡುತ್ತಾಳೆ. ಅದಕ್ಕೆ ಅವಳು ಕೊಟ್ಟ ಹೆಸರು 'ಅಜ್ಜಿ'.