ಮನೆಯೊಳಗಿನ ಗಿಡಕ್ಕೆ ಬರೀ ಕೆಂಪು ಮಣ್ಣು ಸಾಲದು

ಮನೆಯೊಳಗಿನ ಗಿಡ ಬಾಡಿದರೆ ಹೆಚ್ಚಿನವರು ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ಚೊಂಬು ಸುರಿಯುತ್ತಾರೆ. ಆದರೆ ನನ್ನ ಹತ್ತಿರ ಬರುವ ಅಂಥ ಕುಂಡಗಳನ್ನು ಮಗುಚಿ ನೋಡಿದರೆ ಬೇರು ಕಪ್ಪಾಗಿ ಕೊಳೆತಿರುವುದೇ ಜಾಸ್ತಿ. ಬೇರಿಗೂ ಗಾಳಿ ಬೇಕು. ಮಣ್ಣು ಕಲಸುವಾಗ ನಾವು ಯೋಚಿಸಬೇಕಾದ್ದು ಮೊದಲು ಅದನ್ನೇ, ಗೊಬ್ಬರ ಆಮೇಲೆ.

ನಮ್ಮ ಬೆಂಗಳೂರು, ಕೋಲಾರದ ಕಡೆಯ ಕೆಂಪು ಮಣ್ಣು ಹೊಲದಲ್ಲಿ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಎರೆಹುಳು, ಗೆದ್ದಲು ಅದನ್ನು ಸಡಿಲ ಮಾಡುತ್ತಿರುತ್ತವೆ. ಕುಂಡದಲ್ಲಿ ಆ ಕೆಲಸ ಮಾಡುವವರಿಲ್ಲ. ಕೆಲವು ತಿಂಗಳು ನೀರು ಬಿದ್ದರೆ ಸಾಕು, ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ತಾರಸಿಯಲ್ಲಾದರೆ ಬಿಸಿಲು, ಗಾಳಿಗೆ ಬೇಗ ಒಣಗುತ್ತದೆ. ಹಾಲ್‌ನ ಮೂಲೆಯಲ್ಲಿ ಒಣಗುವುದೇ ಇಲ್ಲ. ಹಾಗಾಗಿ ತಾರಸಿಯ ಟೊಮೆಟೊಗೆ ಕಲಸಿದ ಮಣ್ಣನ್ನೇ ಒಳಗಿನ ಗಿಡಕ್ಕೂ ತುಂಬಬೇಡಿ.

ಮನಿ ಪ್ಲಾಂಟ್, ಫಿಲೋಡೆಂಡ್ರಾನ್‌ಗೆ ನಾನು ಬಳಸುವ ಅಳತೆ ಇದು: ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ಸುಟ್ಟ ಭತ್ತದ ಹೊಟ್ಟು ಒಂದು ಪಾಲು. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಅಕ್ಕಿ ಗಿರಣಿ ಹತ್ತಿರವಿದ್ದರೆ ದುಬಾರಿ ಪರ್ಲೈಟ್ ಬೇಕಾಗಿಲ್ಲ. ಸ್ನೇಕ್ ಪ್ಲಾಂಟ್, ಜೀಜೀ, ಜೇಡ್ ಗಿಡಗಳಿಗೆ ಅರ್ಧದಷ್ಟು ಒರಟು ವಸ್ತುವೇ ಇರಲಿ. ಇಟ್ಟಿಗೆ ಚೂರು, ಇದ್ದಿಲು, ಸಣ್ಣ ಜಲ್ಲಿ ಯಾವುದಾದರೂ ಆದೀತು. ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಹಾಕುವುದಾದರೆ ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ. ಆ ಪುಡಿ ಸಂದುಗಳನ್ನೆಲ್ಲ ಮುಚ್ಚಿ ಮಣ್ಣನ್ನು ಇನ್ನೂ ಬಿಗಿ ಮಾಡುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಸುಮ್ನೆ ಹಾಕಬೇಡಿ. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಎರಡು ಮೂರು ಸಲ ನೀರು ಬದಲಾಯಿಸಿ ತೊಳೆಯಿರಿ. ಎರೆಗೊಬ್ಬರ ಒಳ್ಳೆಯದಲ್ವಾ ಅಂತ ಅರ್ಧ ಕುಂಡ ತುಂಬಿದರೂ ತೊಂದರೆಯೇ. ಅದು ಸದಾ ಒದ್ದೆಯಾಗಿದ್ದು, ಸಣ್ಣ ಕಪ್ಪು ನೊಣಗಳು ಏಳುತ್ತವೆ.

ಕುಂಡದ ತಳಕ್ಕೆ ದಪ್ಪಗೆ ಜಲ್ಲಿ ಹಾಸುವ ರೂಢಿಯನ್ನು ದಯವಿಟ್ಟು ಬಿಡಿ. ಮೇಲಿನ ನುಣ್ಣನೆಯ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ. ಅಂದರೆ ಒದ್ದೆ ಪದರ ಇನ್ನಷ್ಟು ಮೇಲೇರಿ ಬೇರಿನ ಹತ್ತಿರ ಬಂದು ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಉಳಿದ ಜಲ್ಲಿಯನ್ನು ಮಣ್ಣಿನಲ್ಲೇ ಬೆರೆಸಿ.

ಕಲಸಿದ ಮಣ್ಣನ್ನು ತೇವ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಉದುರದಿದ್ದರೆ ಇನ್ನಷ್ಟು ಹೊಟ್ಟು ಸೇರಿಸಿ.

ನರ್ಸರಿಯಿಂದ ತಂದ ಗಿಡದ ಬೇರಿನ ಉಂಡೆಯನ್ನೂ ಗಮನಿಸಿ. ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳು ಹೆಚ್ಚಾಗಿ ಅಂಟು ಜೇಡಿಮಣ್ಣಿನಲ್ಲಿರುತ್ತವೆ. ಅದರ ಸುತ್ತ ಎಷ್ಟೇ ಹಗುರ ಮಿಶ್ರಣ ತುಂಬಿದರೂ ಒಳಗಿನ ಉಂಡೆ ಹಾಗೇ ಕೂತಿರುತ್ತದೆ. ಬಕೆಟ್ ನೀರಿನಲ್ಲಿ ನೆನೆಸಿ, ಬೇರು ಹರಿಯದ ಹಾಗೆ ಆ ಜೇಡಿಯನ್ನು ಆದಷ್ಟು ಬಿಡಿಸಿ, ಆಮೇಲೆ ನೆಡಿ. ಒಂದು ವಾರ ನೆರಳಿನಲ್ಲಿಡಿ, ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕಬೇಡಿ.