ಕಲ್ಲಿದ್ದಲು ಸುಡುವ ನಮಗೆ ಪರಿಹಾರ ಕೇಳುವ ಮುಖ ಇದೆಯೇ?

ಪ್ರಶ್ನೆ: ಹವಾಮಾನ ನ್ಯಾಯ ಬೇಕು, ಶ್ರೀಮಂತ ದೇಶಗಳು ಬಡ ದೇಶಗಳಿಗೆ ದುಡ್ಡು ಕೊಡಬೇಕು ಅಂತ ಹೋರಾಟ ಮಾಡ್ತಾರಲ್ಲ, ಶಕ್ತಿನಗರ, ಯರಮರಸ್, ಕುಡತಿನಿಯಲ್ಲಿ ದಿನವೂ ಕಲ್ಲಿದ್ದಲು ಸುಡೋರು ನಾವೇ. ಕೇಳೋಕೆ ನಮಗೆ ಯಾವ ಮುಖ ಇದೆ?

ಉತ್ತರ: ಸುಡುತ್ತಿರುವುದು ನಿಜ. ಶಕ್ತಿನಗರದ ವಿದ್ಯುತ್ ಸ್ಥಾವರ ಒಂದರದ್ದೇ 1,720 ಮೆಗಾವಾಟ್. ವರ್ಷದ ಲೆಕ್ಕ ಹಿಡಿದರೆ ಚೀನಾ, ಅಮೆರಿಕ ಆದ ಮೇಲೆ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ದೇಶ ನಮ್ಮದೇ. ಇದನ್ನು ಮುಚ್ಚಿಟ್ಟು ವಾದಕ್ಕೆ ನಿಂತರೆ ಮೊದಲ ಸುತ್ತಿನಲ್ಲೇ ಸೋಲುತ್ತೇವೆ.

ಆದರೆ ಬಿಸಿಲು ಏರಿಸುತ್ತಿರುವುದು ಒಂದು ವರ್ಷದ ಹೊಗೆಯಲ್ಲ. ತುಂಗಭದ್ರಾ ಡ್ಯಾಮಿನ ಹೂಳು ನೋಡಿ. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. ಅಷ್ಟು ಜಾಗ ತಿಂದದ್ದು ಎಪ್ಪತ್ತು ವರ್ಷ ಕೂತ ಮಣ್ಣು. ಮೇಲೆ ಹೋದ ಇಂಗಾಲವೂ ಹೀಗೇ, ಅದರ ಒಂದು ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಕೂರುತ್ತದೆ. ಕಲ್ಲಿದ್ದಲು, ಎಣ್ಣೆ ಸುಟ್ಟು ಇಲ್ಲಿಯವರೆಗೆ ಬಿಟ್ಟದ್ದರಲ್ಲಿ ಹೆಚ್ಚೂಕಡಿಮೆ ಕಾಲುಭಾಗ ಅಮೆರಿಕದ್ದು. ಭಾರತದ್ದು ನೂರಕ್ಕೆ ನಾಲ್ಕರ ಒಳಗೆ. ಇವತ್ತಿಗೂ ತಲಾ ಲೆಕ್ಕದಲ್ಲಿ ಅಮೆರಿಕದವರದು ವರ್ಷಕ್ಕೆ ಸುಮಾರು 14 ಟನ್, ನಮ್ಮದು 2 ಟನ್. ಆಫ್ರಿಕಾದ ಎಷ್ಟೋ ದೇಶಗಳದ್ದು ಅರ್ಧ ಟನ್ ಕೂಡ ಆಗುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಘು ನೀರಾವರಿ, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆಗೆ ಅಂತ ತೋಡಿದ ಕಾಲುವೆ ಅದು. ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿದರು, ಮಾನ್ವಿ, ರಾಯಚೂರು ಕಡೆಯ ಟೇಲ್‌ಎಂಡ್ ರೈತರು ನೀರಿಗಾಗಿ ರಸ್ತೆಯಲ್ಲಿ ಕೂತರು. ಆಗ ಯಾರಾದರೂ ಬಂದು 'ನೀವೂ ಒಂದೆಕರೆ ಭತ್ತ ಹಾಕಿದ್ದೀರಲ್ಲ, ನಿಮಗೇನು ಮುಖ' ಅಂದರೆ ಹೇಗಿರುತ್ತದೆ?

ಹವಾಮಾನದ ಲೆಕ್ಕದಲ್ಲಿ ಮೇಲ್ಭಾಗದವರಾದ ಶ್ರೀಮಂತ ದೇಶಗಳಿಗೂ ಇದು ಗೊತ್ತು. ಹೊಣೆ ಎಲ್ಲರದು, ಆದರೆ ಸಮನಲ್ಲ ಎಂದು 1992ರ ಹವಾಮಾನ ಒಪ್ಪಂದದಲ್ಲೇ ಸಹಿ ಹಾಕಿದ್ದಾರೆ. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟರು. ಅವರದೇ ಲೆಕ್ಕದಲ್ಲಿ ಅದು ಮುಟ್ಟಿದ್ದು 2022ಕ್ಕೆ. ಅದರಲ್ಲೂ ಸರ್ಕಾರಿ ಹಣದ ಮೂರರಲ್ಲಿ ಎರಡು ಪಾಲು ಸಾಲ. ಬೆಳೆ ಹಾಳು ಮಾಡಿದವನೇ ಬಡ್ಡಿಗೆ ದುಡ್ಡು ಕೊಟ್ಟ ಹಾಗೆ! ಹೋರಾಟಗಾರರು ಸಾಲ ಬೇಡ, ಅನುದಾನ ಕೊಡಿ ಎಂದು ಪಟ್ಟು ಹಿಡಿದಿರುವುದು ಇದಕ್ಕೇ.

ಕೇಳಿ ಏನು ಸಿಕ್ಕಿತು ಅಂದರೆ, ವನುವಾಟು ಎಂಬ ದ್ವೀಪ ದೇಶದ ಕತೆ ಇದೆ. ಪೆಸಿಫಿಕ್ ಕಡೆಯ 27 ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ ಮಾತನ್ನು ಆ ಪುಟ್ಟ ದೇಶ ವಿಶ್ವಸಂಸ್ಥೆಯವರೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ತಪ್ಪಿದರೆ ಪರಿಹಾರವನ್ನೂ ಕಟ್ಟಿಕೊಡಬೇಕಾಗಬಹುದು ಎಂದು ಅಭಿಪ್ರಾಯ ಕೊಟ್ಟಿತು. ಅದು ಸಲಹೆ, ಜಪ್ತಿ ಆದೇಶವಲ್ಲ. ಆದರೂ ಮುಂದಿನ ಕೇಸುಗಳಿಗೆ ಗಟ್ಟಿ ಆಧಾರ.

ನಿಮ್ಮ ಕೊಂಕಿನಲ್ಲಿ ಒಂದು ಸತ್ಯ ಉಳಿಯುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗಂಜಿನ (ಕೃಷಿ ಮಾರುಕಟ್ಟೆಯ) ಹಮಾಲರಿಗೆ, ಇಟ್ಟಿಗೆ ಭಟ್ಟಿಯವರಿಗೆ ಆ ಆದೇಶ ಅನ್ವಯಿಸುವುದಿಲ್ಲ. ಹೊರಗಿನ ದುಡ್ಡು ಬಂದರೆ ಇವರ ತಲೆಯ ಮೇಲೆ ನೆರಳಾಗುತ್ತದೋ, ಕಚೇರಿಗೆ ಇನ್ನೊಂದು ಎಸಿಯಾಗುತ್ತದೋ? ಆ ಪ್ರಶ್ನೆಯನ್ನು ಮಾತ್ರ ಹೇಗ್‌ಗೆ ಒಯ್ಯಲು ಬರುವುದಿಲ್ಲ, ಇಲ್ಲೇ ಕೇಳಬೇಕು.